ಮಾವಿಯಲ್ಲಿ ಒಂದೇ ದಿನ ಮೊಲೊಕಿನಿ ಸ್ನಾರ್ಕೆಲಿಂಗ್, ಜಿಪ್‌ಲೈನ್ ಎರಡೂ: ಯಾವುದು ಮೊದಲು?

ಕೆರೆದಂಡೆ
ಡಿಸೆಂಬರ್ ಕೊನೇ ವಾರ ಹವಾಯಿಯ ಮಾವಿ ದ್ವೀಪದಲ್ಲಿ ನಾಲ್ಕು ದಿನ ಇರ್ತೀವಿ. ರೂಮು ಕಾನಪಾಲಿ ಕಡೆ. ನಾವಿಬ್ಬರು, ಹನ್ನೊಂದು ವರ್ಷದ ಮಗಳು, ಊರಿಂದ ಬಂದಿರೋ ಅತ್ತೆ-ಮಾವ. ಸ್ನಾರ್ಕೆಲ್ ಕ್ರೂಸ್ (ದೋಣಿಯಲ್ಲಿ ಹೋಗಿ, ಬಾಯಲ್ಲಿ ಉಸಿರಾಟದ ಕೊಳವೆ ಇಟ್ಟುಕೊಂಡು ತೇಲ್ತಾ ಮೀನು ನೋಡೋದು) ಮತ್ತು ಜಿಪ್‌ಲೈನ್ (ಉಕ್ಕಿನ ಹಗ್ಗಕ್ಕೆ ನೇತುಬಿದ್ದು ಜಾರೋದು) ಎರಡನ್ನೂ ಒಂದೇ ದಿನಕ್ಕೆ ಹಾಕಿಕೊಂಡರೆ ಉಳಿದ ದಿನಗಳು ಆರಾಮಾಗಿರುತ್ತೆ ಅನ್ನೋ ಲೆಕ್ಕ. ಆಗೋ ಮಾತಾ ಇದು? ಯಾವುದು ಬೆಳಿಗ್ಗೆ, ಯಾವುದು ಮಧ್ಯಾಹ್ನ? ಯಜಮಾನರು 118 ಕೆ.ಜಿ., ಮಗಳು 32 ಕೆ.ಜಿ. ನಮಗಿಬ್ಬರಿಗೂ ಈಜು ಅಷ್ಟಕ್ಕಷ್ಟೆ. ಮಾವ ಬಿಪಿ ಮಾತ್ರೆ ತಗೋತಾರೆ, ಅತ್ತೆಗೆ ಮಂಡಿ ನೋವು. ಎಲ್ಲರೂ ಸಸ್ಯಾಹಾರಿಗಳು. ಎರಡಕ್ಕೂ ಸೇರಿಸಿ ಕಾಂಬೊ ಟಿಕೆಟ್ ಅಂತ ಕೊಡ್ತಾರಲ್ಲ, ಅದು ಲಾಭವಾ?

ಉಪ್ಪುಗಾಳಿ
ಆಗುತ್ತೆ. ಆದರೆ ಸಮುದ್ರ ಮೊದಲು, ಹಗ್ಗ ಆಮೇಲೆ. ಕಾರಣ ಗಾಳಿ.

ಸ್ಕೂಲಲ್ಲಿ ಓದಿದ ಈಶಾನ್ಯ ವಾಣಿಜ್ಯ ಮಾರುತ ನೆನಪಿದೆಯಲ್ಲ, ಮಾವಿಯಲ್ಲಿ ಎಲ್ಲವನ್ನೂ ನಡೆಸೋದು ಅದೇ. ದ್ವೀಪದ ಪೂರ್ವಕ್ಕೆ 3,055 ಮೀಟರ್ ಎತ್ತರದ ಹಲಿಯಾಕಲಾ, ಪಶ್ಚಿಮಕ್ಕೆ ಇನ್ನೊಂದು ಬೆಟ್ಟಸಾಲು, ನಡುವೆ ತಗ್ಗು ಬಯಲು. ಬಿಸಿಲೇರಿ ನೆಲ ಕಾದ ಹಾಗೆ ಗಾಳಿ ಈ ತಗ್ಗಿನಲ್ಲೇ ನುಗ್ಗಿ ನೇರ ಮಾಲಾಯಾ ಕೊಲ್ಲಿಗೆ ಬಂದು ಬೀಳುತ್ತೆ. ನಿಮ್ಮ ದೋಣಿ ಹೊರಡೋದೂ ಅಲ್ಲಿಂದಲೇ. ಬೆಳಿಗ್ಗೆ ಏಳಕ್ಕೆ ಕೆರೆಯ ಹಾಗಿದ್ದ ನೀರು ಹನ್ನೊಂದರ ಹೊತ್ತಿಗೆ ನೊರೆ ಏಳಿಸ್ತಿರುತ್ತೆ. ಮೊಲೊಕಿನಿ ಅಂದರೆ ಅರ್ಧ ಮುಳುಗಿರೋ ಜ್ವಾಲಾಮುಖಿಯ ಬಾಯಿ, ಅರ್ಧಚಂದ್ರದ ಆಕಾರ, ತೆರೆದಿರೋದು ಉತ್ತರಕ್ಕೆ. ಗಾಳಿ ಎದ್ದರೆ ಅಲೆ ಒಳಗೂ ಬರುತ್ತೆ. ತೀರದಿಂದ ಸುಮಾರು 4 ಕಿ.ಮೀ. ದೂರ ಇರೋದರಿಂದ ನೆಲದ ಕೆಸರು ಅಲ್ಲಿಗೆ ಮುಟ್ಟಲ್ಲ, ಒಳ್ಳೆಯ ದಿನ 30 ಮೀಟರಿಗೂ ಆಚೆ ಕಾಣುತ್ತೆ. 1977ರಿಂದ ಸಂರಕ್ಷಿತ ಜಾಗ, ಹಾಗಾಗಿ ಮೀನಿಗೆ ಬರವಿಲ್ಲ.

ದಿನ ಹೀಗೆ ಕೂರಿಸಿ. ಕಾನಪಾಲಿಯಿಂದ ಮಾಲಾಯಾಕ್ಕೆ ರಸ್ತೆ ಒಂದೇ, 30ನೇ ನಂಬರ್ ಹೆದ್ದಾರಿ. ಮಾಮೂಲಿಗೆ 40 ನಿಮಿಷ. ಒಂದು ಅಪಘಾತವಾದರೆ ಸುತ್ತಿ ಬರೋಕೆ ಬೇರೆ ಸರಿಯಾದ ದಾರಿ ಇಲ್ಲ. 6:30ಕ್ಕೆ ಹಾಜರಿ ಅಂದರೆ 5:30ಕ್ಕೆ ರೂಮು ಬಿಡಿ. 7ಕ್ಕೆ ದೋಣಿ ಹೊರಟು ಮುಕ್ಕಾಲು ಗಂಟೆಯಿಂದ ಒಂದು ಗಂಟೆಯಲ್ಲಿ ಮೊಲೊಕಿನಿ. ನೀರಲ್ಲಿ ಒಂದು ಗಂಟೆಯ ಮೇಲೆ, ಆಮೇಲೆ ಆಮೆ ಸಿಗೋ ತೀರದ ಹತ್ತಿರ ಎರಡನೇ ನಿಲುಗಡೆ, ವಾಪಸ್ ಬರ್ತಾ ಊಟ, 12ರಿಂದ 12:30ಕ್ಕೆ ಬಂದರು. ಜಿಪ್‌ಲೈನನ್ನು 2:30ಕ್ಕೆ ಹಾಕಿಕೊಳ್ಳಿ, 1:30ಕ್ಕಲ್ಲ. ತಿಮಿಂಗಿಲದ ಕಾಲ ಶುರುವಾಗಿರುತ್ತೆ. ಹಂಪ್‌ಬ್ಯಾಕ್ ತಿಮಿಂಗಿಲದಿಂದ 100 ಗಜ ದೂರ ಇರಬೇಕು ಅನ್ನೋದು ಕಾನೂನು, ದಾರಿಗೆ ಒಂದು ಅಡ್ಡ ಬಂದರೆ ದೋಣಿ ನಿಂತೇ ಬಿಡುತ್ತೆ.

ಜಿಪ್‌ಲೈನಿಗೆ ವೈಕಾಪು ನೋಡಿ. ಮಾಲಾಯಾದಿಂದ ಅದೇ ಹೆದ್ದಾರಿಯಲ್ಲಿ ಹತ್ತು-ಹದಿನೈದು ನಿಮಿಷ. ಎರಡು ಗಂಟೆಯೊಳಗೆ ಮುಗಿಯೋ ಕೋರ್ಸ್ ಸಾಕು. ಡಿಸೆಂಬರಲ್ಲಿ ಸೂರ್ಯ ಆರರೊಳಗೆ ಮುಳುಗ್ತಾನೆ, ಅರ್ಧ ದಿನದ ಬೆಟ್ಟದ ಕೋರ್ಸ್ ಮಧ್ಯಾಹ್ನಕ್ಕೆ ಹೊಂದಲ್ಲ.

ಹಳೇ ಪ್ರವಾಸ ಬರಹಗಳಲ್ಲಿ ಲಹೈನಾ ಬಂದರಿನಿಂದ ಹೊರಡಿ ಅಂತಿದ್ದರೆ ಪಕ್ಕಕ್ಕಿಡಿ. 2023ರ ಆಗಸ್ಟ್ ಬೆಂಕಿಯಲ್ಲಿ ಆ ಊರಿನ ಜೊತೆ ಬಂದರೂ ಹಾಳಾಯಿತು.

ಸೋಮಾರಿ_ಸವಾರಿ
ರಜೆಯಲ್ಲೂ ಐದಕ್ಕೆ ಏಳೋದಾ? ಮಧ್ಯಾಹ್ನದ ಕ್ರೂಸ್ ಅಗ್ಗ. ಕಾನಪಾಲಿ ಮರಳಿನಿಂದಲೇ ಹತ್ತಿಸಿಕೊಳ್ಳೋ ಕ್ಯಾಟಮರಾನ್‌ಗಳೂ (ಜೋಡಿ ಒಡಲಿನ ದೋಣಿ) ಇವೆ. ಬೆಳಿಗ್ಗೆ ಒಂಬತ್ತಕ್ಕೆ ಜಿಪ್, ಊಟ, ಮಧ್ಯಾಹ್ನ ನೀರು. ಇದ್ಯಾಕೆ ಆಗಲ್ಲ?

ಉಪ್ಪುಗಾಳಿ
ಬೇಸಿಗೆಯಲ್ಲಿ ಕಾನಪಾಲಿಯಿಂದ ಹತ್ತೋದಕ್ಕೆ ನನ್ನ ತಕರಾರಿಲ್ಲ. ಚಳಿಗಾಲದಲ್ಲಿ ಉತ್ತರ ಪೆಸಿಫಿಕ್‌ನ ಬಿರುಗಾಳಿಗಳಿಂದ ಎದ್ದ ದೊಡ್ಡ ಅಲೆಗಳು ಸೀದಾ ಆ ಕಡೆಗೆ ಬರುತ್ವೆ. ಮರಳಿನಿಂದ ದೋಣಿಗೆ ಏಣಿ ಹತ್ತಬೇಕು, ಏಣಿಯೇ ಮೇಲೆ ಕೆಳಗೆ ಆಡ್ತಿರುತ್ತೆ, ಮಂಡಿ ನೋವಿನವರಿಗೆ ಅದು ಬೇಡವೇ ಬೇಡ. ಮರಳು ಕದಡಿ ನೀರೂ ಮಂಕಾಗಿರುತ್ತೆ. ಮಾಲಾಯಾದಲ್ಲಿ ಕಟ್ಟೆಯಿಂದ ನೇರ ದೋಣಿಗೆ ಕಾಲಿಡಬಹುದು.

ಮಧ್ಯಾಹ್ನದ ಟಿಕೆಟ್ ಅಗ್ಗ ಯಾಕೆ ಅಂದರೆ ಅದು ಮೊಲೊಕಿನಿಗೆ ಹೋಗೋ ಖಾತ್ರಿ ಇಲ್ಲ. ಸಾಮಾನ್ಯವಾಗಿ ಬೆಟ್ಟದ ಮರೆಯಲ್ಲಿರೋ ಕೋರಲ್ ಗಾರ್ಡನ್ಸ್ ಕಡೆ ತಿರುಗಿಸ್ತಾರೆ. ಜಾಗ ಚೆನ್ನಾಗೇ ಇದೆ, ಮೊಲೊಕಿನಿ ಅಲ್ಲ ಅಷ್ಟೆ. ಬೆಳಗಿನ ದೋಣಿಯೂ ಗಾಳಿ ಜೋರಿದ್ದರೆ ಹಾಗೆ ಮಾಡಬಹುದು. ಜಾಗ ಬದಲಾಯಿತು ಅಂತ ದುಡ್ಡು ವಾಪಸ್ ಕೊಡಲ್ಲ, ಟಿಕೆಟ್ಟಿನ ಷರತ್ತಿನಲ್ಲೇ ಬರೆದಿರುತ್ತೆ.

ಕಾಂಬೊ ಬಗ್ಗೆ: ಎರಡಕ್ಕೂ ಬೇರೆ ಬೇರೆ ರದ್ದತಿ ನಿಯಮ ಇದೆಯಾ ಕೇಳಿ. ದೋಣಿ ಗಾಳಿಗೆ ರದ್ದಾಗುತ್ತೆ. ಜಿಪ್ ಸಣ್ಣ ಮಳೆಯಲ್ಲೂ ನಡೆಯುತ್ತೆ, ಗುಡುಗು ಅಥವಾ ಜೋರು ಗಾಳಿ ಬಂದರೆ ಮಾತ್ರ ನಿಲ್ಲಿಸ್ತಾರೆ. ಒಂದು ರದ್ದಾಗಿ ಇನ್ನೊಂದು ಹಾಗೇ ಉಳಿದರೆ ಏನು ಅನ್ನೋದಕ್ಕೆ ಬರಹದಲ್ಲಿ ಉತ್ತರ ಬರದಿದ್ದರೆ ಬಿಡಿಬಿಡಿಯಾಗಿ ತಗೊಳ್ಳಿ. ಕ್ರೂಸನ್ನು ಮೊದಲ ಅಥವಾ ಎರಡನೇ ದಿನಕ್ಕಿಡಿ. ಚಳಿಗಾಲದಲ್ಲಿ ಗಾಳಿ ದಕ್ಷಿಣಕ್ಕೆ ತಿರುಗಿ 'ಕೋನಾ' ಮಳೆ ಹಿಡಿದರೆ ಎರಡು ದಿನ ದೋಣಿ ಹೊರಡದೇ ಇರಬಹುದು. ಮುಂದೂಡೋಕೆ ದಿನ ಉಳಿದಿರಬೇಕು.

ರಾಟೆಹಗ್ಗ
ಜಿಪ್‌ಲೈನ್ ಕಡೆಯದ್ದು ನಾನು ಹೇಳ್ತೀನಿ, ನಿಮ್ಮ ಮನೆಯ ಇಬ್ಬರು ಮಿತಿಯ ಎರಡು ತುದಿಯಲ್ಲಿದ್ದಾರೆ.

ಅಲ್ಲಿ ತೂಕ ಪೌಂಡಿನಲ್ಲಿ, ಬಟ್ಟೆ-ಶೂ ಸಮೇತ, ನಿಮ್ಮೆದುರೇ ತಕ್ಕಡಿ ಮೇಲೆ ನಿಲ್ಲಿಸಿ ನೋಡ್ತಾರೆ. 118 ಕೆ.ಜಿ. ಅಂದರೆ 260 ಪೌಂಡ್, 32 ಅಂದರೆ 70. ಗರಿಷ್ಠ ಮಿತಿ ಕೆಲವು ಕಡೆ 250, ಕೆಲವು ಕಡೆ 275. ಕನಿಷ್ಠವೂ ಕೋರ್ಸಿನಿಂದ ಕೋರ್ಸಿಗೆ ಬೇರೆ. ಬುಕ್ ಮಾಡೋ ಮುಂಚೆ ಎರಡೂ ಅಂಕಿ ಹೇಳಿ ಕೇಳಿ. ಅಲ್ಲಿ ಹೋಗಿ ವಾದ ಮಾಡಿದರೆ ಗಿಟ್ಟಲ್ಲ, ಹಣವೂ ಬರಲ್ಲ.

ಈ ಮಿತಿ ಸುಮ್ಮನೆ ಇಟ್ಟಿದ್ದಲ್ಲ. ಉಕ್ಕಿನ ಹಗ್ಗ ನಡುವೆ ಜೋತು ಬಿದ್ದಿರುತ್ತೆ, ಕೊನೆಯ ಭಾಗ ಸ್ವಲ್ಪ ಏರು. ಭಾರದವರನ್ನ ಗಾಳಿ ಅಷ್ಟಾಗಿ ತಡೆಯಲ್ಲ, ಅವರು ವೇಗವಾಗಿ ಬಂದು ಬ್ರೇಕಿನ ಸ್ಪ್ರಿಂಗಿಗೆ ಜೋರಾಗಿ ಹೊಡೀತಾರೆ. ಹಗುರದವರು ಮಧ್ಯಾಹ್ನದ ಎದುರುಗಾಳಿಗೆ ಸಿಕ್ಕಿದರೆ ಕಟ್ಟೆ ಮುಟ್ಟದೆ ಹತ್ತಿಪ್ಪತ್ತು ಅಡಿ ಹಿಂದೆಯೇ ನಿಂತು, ಹಿಂದಕ್ಕೆ ಜಾರಿ ತಗ್ಗಿನಲ್ಲಿ ತೂಗಾಡ್ತಾರೆ. ಗಾಬರಿ ಬೇಡ, ಗೈಡ್ ಹಗ್ಗ ಹಿಡಿದು ಕೈಮೇಲೆ ಕೈ ಹಾಕ್ಕೊಂಡು ಬಂದು ಎಳ್ಕೊಂಡು ಹೋಗ್ತಾರೆ. ತಪ್ಪಿಸೋಕೆ ಮಗಳಿಗೆ ಮೊದಲೇ ಹೇಳಿಕೊಡಿ: ಹಿಂದಕ್ಕೆ ಒರಗಿ, ಮಂಡಿ ಎದೆಗೆ ಎಳೆದುಕೊಂಡು ಉಂಡೆಯಾಗಬೇಕು. ಅಪ್ಪನಿಗೆ ಇದರ ಉಲ್ಟಾ, ಕೈಕಾಲು ಅಗಲಿಸಿದಷ್ಟೂ ವೇಗ ತಗ್ಗುತ್ತೆ. ಇಬ್ಬರಿಗೂ ಒಂದೇ ಕಟ್ಟುನಿಟ್ಟು, ಗೈಡ್ ಹೇಳದೆ ರಾಟೆಯ ಮುಂದಿನ ಹಗ್ಗ ಮುಟ್ಟಬಾರದು. ಬೆರಳು ಚಕ್ರದಡಿಗೆ ಹೋಗೋದು ಹಾಗೆ.

ದೋಣಿಯಿಂದ ನೇರ ಬರೋವರ ದೊಡ್ಡ ತೊಂದರೆ ಒದ್ದೆ ಈಜುಡುಗೆ. ಮೈಗೆ ಬಿಗಿಯೋ ಹಾರ್ನೆಸ್‌ನ ಪಟ್ಟಿ ತೊಡೆಯ ಸಂದಿಯಲ್ಲೇ ಕೂರುತ್ತೆ, ಪೂರ್ತಿ ಭಾರ ಅಲ್ಲೇ. ಉಪ್ಪು ಒಣಗಿ ಹರಳಾದ ಚರ್ಮ, ಅದರ ಮೇಲೆ ಒದ್ದೆ ನೈಲಾನ್, ಅದರ ಮೇಲೆ ಬಿಗಿದ ಪಟ್ಟಿ. ಮೂರನೇ ಲೈನಿಗೆ ಉರಿ ಶುರು, ರಾತ್ರಿಗೆ ಚರ್ಮ ಕಿತ್ತಿರುತ್ತೆ. ದೋಣಿಯಲ್ಲಿ ಸಿಹಿನೀರಿನ ಶವರ್ ಇದೆಯಾ ಕೇಳಿ, ಇಲ್ಲದಿದ್ದರೆ ಕಾರಿನಲ್ಲಿ ಎರಡು ಗ್ಯಾಲನ್ ನೀರಿಡಿ. ಒಣ ಒಳಉಡುಪು, ಮಂಡಿವರೆಗಿನ ಹತ್ತಿ ಅಥವಾ ಟ್ರ್ಯಾಕ್ ಪ್ಯಾಂಟ್, ಬೆರಳು ಮುಚ್ಚೋ ಶೂ. ಚಪ್ಪಲಿಯಲ್ಲಿ ಬಿಡಲ್ಲ. ಕೂದಲು ಕೆಳಗೆ ಜಡೆ ಹಾಕಿ ಟೀ-ಶರ್ಟಿನೊಳಗೆ ಸೇರಿಸಿ, ದುಪಟ್ಟಾ ಕಾರಿನಲ್ಲಿರಲಿ. ಉದ್ದ ತಾಳಿಸರ ಎದೆಪಟ್ಟಿಗೆ ಸಿಕ್ಕಿಕೊಳ್ಳುತ್ತೆ, ರೂಮಿನಲ್ಲೇ ತೆಗೆದಿಡೋದು ಒಳ್ಳೇದು. ಉಂಗುರವೂ ಅಷ್ಟೇ, ತಣ್ಣೀರಲ್ಲಿ ಬೆರಳು ಸಣ್ಣದಾಗಿ ಮೊಲೊಕಿನಿಯಲ್ಲೇ ಜಾರಿ ಹೋಗಬಹುದು.

ಇನ್ನೊಂದು. ನೀರಿನಿಂದ ಎಲ್ಲರೂ ಮೇಲೆ ಬಂದ ಮೇಲೆ ದೋಣಿಯಲ್ಲಿ ಬಾರ್ ತೆಗೀತಾರೆ, ಬಿಟ್ಟಿ 'ಮೈ ಟೈ' (ರಮ್ ಹಾಕಿದ ಕಾಕ್‌ಟೇಲ್). ಕುಡಿದು ಬಂದವರನ್ನ ಜಿಪ್‌ನವರು ಹತ್ತಿಸಲ್ಲ. ಯಜಮಾನರಿಗೆ ಹೇಳಿಡಿ.

ಕೆರೆದಂಡೆ
ತುಂಬಾ ಉಪಕಾರ. ಅತ್ತೆ-ಮಾವನ ವಿಷಯ? ಮಾವನಿಗೆ ನೀರಿಗಿಳಿಯೋ ಆಸೆ ಇದೆ. ನಮಗಿಬ್ಬರಿಗೂ ಕನ್ನಡಕ, ನನ್ನದು ಮೈನಸ್ 4.

ಮೀನ್‌ಕಣ್ಣು
ಮಾವನ ವೈದ್ಯರನ್ನ ಮೊದಲು ಕೇಳಿ, ಇದು ಬಾಯಿಮಾತಿಗೆ ಹೇಳ್ತಿಲ್ಲ. ಸ್ನಾರ್ಕೆಲ್ ಕೊಳವೆಯಲ್ಲಿ ಉಸಿರೆಳೆಯೋಕೆ ಮಾಮೂಲಿಗಿಂತ ಹೆಚ್ಚು ಬಲ ಬೇಕು. ಹೃದಯ, ಬಿಪಿ ತೊಂದರೆ ಇದ್ದವರಿಗೆ ಆ ಎಳೆತದಿಂದಲೇ ಶ್ವಾಸಕೋಶದಲ್ಲಿ ನೀರು ತುಂಬಿಕೊಳ್ಳೋ ಅಪಾಯ ಇದೆ. ಹವಾಯಿಯ ಸ್ನಾರ್ಕೆಲ್ ಸುರಕ್ಷತಾ ಅಧ್ಯಯನ ಎತ್ತಿ ತೋರಿಸಿದ್ದೂ ಇದನ್ನೇ. ಮೋಸ ಏನಂದರೆ ಕೈ ಬಡಿಯೋದು, ಕೂಗೋದು ಯಾವುದೂ ಇರಲ್ಲ, ಸುಮ್ಮನೆ ತೇಲ್ತಿರೋ ಹಾಗೆ ಕಾಣುತ್ತೆ. ಉಸಿರು ಸಾಲ್ತಿಲ್ಲ, ಕೈಕಾಲು ಸೋತವು ಅನ್ನಿಸಿದ ಕೂಡಲೇ ಮಾಸ್ಕ್ ಕಿತ್ತು, ಬೆನ್ನ ಮೇಲೆ ಮಲಗಿ, ಕೈ ಎತ್ತಿ, ನೀರಿನಿಂದ ಹೊರಗೆ. ಮುಖ ಪೂರ್ತಿ ಮುಚ್ಚೋ ಮಾಸ್ಕ್ ಬೇಡ, ಅವಸರದಲ್ಲಿ ತೆಗೆಯೋದು ಕಷ್ಟ. ಹಲವು ದೋಣಿಗಳಲ್ಲಿ ಅದಕ್ಕೆ ಅನುಮತಿಯೂ ಇಲ್ಲ. ಒಳಗೆ ಕವಾಟ ಇಲ್ಲದ, ಅಗಲ ಬಾಯಿಯ ಸಾದಾ ಕೊಳವೆ ಕೇಳಿ ಪಡೆಯಿರಿ. ಮಾವ ಇಳಿದರೂ ಏಣಿಯಿಂದ ಹತ್ತು ಮೀಟರ್ ಒಳಗೆ, ಒಬ್ಬರು ಪಕ್ಕದಲ್ಲೇ.

ಈಜು ಬರದವರು ಸೊಂಟದ ಬೆಲ್ಟಿಗೆ ಒಪ್ಪಬೇಡಿ, ಅದು ಈಜೋರಿಗೆ. ಎದೆಯ ಜಾಕೆಟ್ ಜೊತೆಗೆ ಫೋಮ್ ಕೋಲು ತಗೊಳ್ಳಿ. ನೀರು ಡಿಸೆಂಬರಲ್ಲಿ 24-25 ಡಿಗ್ರಿ, ಇಳಿದಾಗ ಹಿತ, ಅರ್ಧ ಗಂಟೆಗೆ ನಡುಕ. ವೆಟ್‌ಸೂಟ್ ಮೇಲಂಗಿ ಬಾಡಿಗೆಗೆ ಸಿಗುತ್ತೆ, ಅದೂ ತೇಲಿಸುತ್ತೆ. ಪವರ್ ಮಾಸ್ಕ್ ಅನೇಕ ದೋಣಿಗಳಲ್ಲಿ ಇರುತ್ತೆ, ಬುಕಿಂಗ್ ಸಮಯದಲ್ಲೇ ಮೈನಸ್ 4 ಅಂತ ಹೇಳಿಡಿ. ನೀರೊಳಗೆ ಎಲ್ಲ ಮೂರನೇ ಒಂದು ಪಾಲು ದೊಡ್ಡದಾಗಿ ಕಾಣೋದರಿಂದ 0.5 ಪವರ್ ಕಮ್ಮಿ ಸಿಕ್ಕರೂ ನಡೆಯುತ್ತೆ. ಮೀಸೆ ಇದ್ದವರಿಗೆ ಮೂಗಿನ ಕೆಳಗಿಂದ ನೀರು ಜಿನುಗುತ್ತೆ, ಸ್ಟ್ರ್ಯಾಪ್ ಬಿಗಿದರೆ ಇನ್ನೂ ಹೆಚ್ಚು. ಸಡಿಲ ಮಾಡಿ, ಹಿಂದಲೆಯ ಉಬ್ಬಿನ ಮೇಲೆ ಕೂರಿಸಿ. ಗಾಜಿಗೆ ಮಂಜು ಹಿಡಿಯದಿರೋಕೆ ಒಂದು ಹನಿ ಬೇಬಿ ಶಾಂಪೂ ಸವರಿ ಒಮ್ಮೆ ಅದ್ದಿ ತೆಗೆದರೆ ಸಾಕು.

ಸನ್‌ಸ್ಕ್ರೀನ್ ಮನೆಯಿಂದ ತರಬೇಡಿ. 2022ರ ಅಕ್ಟೋಬರ್ 1ರಿಂದ ಮಾವಿ ಕೌಂಟಿಯಲ್ಲಿ ಖನಿಜದ್ದು ಮಾತ್ರ, ಅಂದರೆ ಜಿಂಕ್ ಆಕ್ಸೈಡ್ ಅಥವಾ ಟೈಟಾನಿಯಂ ಡೈಆಕ್ಸೈಡ್. ತುಂಬುತೋಳಿನ ಈಜಂಗಿ ಹಾಕಿದರೆ ಅದರ ತಂಟೆಯೂ ಅರ್ಧ ಕಮ್ಮಿ.

ವಾಂತಿಗೆ: ಮುರುಡೇಶ್ವರದಿಂದ ನೇತ್ರಾಣಿಗೆ ಹೋದವರಿಗೆ ಗೊತ್ತಿರುತ್ತೆ, ಕುಲುಕೋದು ಓಡ್ತಿರೋ ದೋಣಿಗಿಂತ ಲಂಗರು ಹಾಕಿ ನಿಂತ ದೋಣಿಯಲ್ಲಿ ಹೆಚ್ಚು. ಮೆಕ್ಲಿಜೈನ್ ಅಲ್ಲಿನ ಅಂಗಡಿಗಳಲ್ಲಿ ಚೀಟಿ ಇಲ್ಲದೆ ಸಿಗುತ್ತೆ, ಹೊರಡೋಕೆ ಒಂದು ಗಂಟೆ ಮುಂಚೆ ನುಂಗಬೇಕು. ಊರಿಂದ ತರೋ ಅವೊಮಿನ್ ಕೆಲಸ ಮಾಡುತ್ತೆ, ಆದರೆ ನಿದ್ದೆ ಜಾಸ್ತಿ. ಮಧ್ಯಾಹ್ನ ಜಿಪ್ ಇದ್ದೋರಿಗೆ, ಕಾರು ಓಡಿಸೋರಿಗೆ ಬೇಡ. ಹಿರಿಯರಿಗೆ ಯಾವುದೇ ಮಾತ್ರೆಯಾದರೂ ಬಿಪಿ ಮಾತ್ರೆ ಜೊತೆ ಹೊಂದುತ್ತಾ ಕೇಳಿಯೇ ಕೊಡಿ. ಸಸ್ಯಾಹಾರ ಬುಕ್ ಮಾಡುವಾಗಲೇ ಬರೆಸಿ. ಬರೆಸದಿದ್ದರೆ ಸಿಗೋದು ಬರೀ ಬ್ರೆಡ್ಡು, ಚಿಪ್ಸು, ಅನಾನಸ್.

ರಾಟೆಹಗ್ಗ
ಅತ್ತೆಯವರಿಗೆ ಜಿಪ್ ಬೇಡ. ಇಳಿಯೋದಕ್ಕಿಂತ ಗೋಪುರ ಹತ್ತೋ ಮೆಟ್ಟಿಲು, ಕೊನೆಯಲ್ಲಿ ಕಾಲೂರಿ ನಿಲ್ಲೋದು ಮಂಡಿಗೆ ಹಿಂಸೆ. ವೈಕಾಪುವಿನ ತೋಟದಲ್ಲಿ ನೆರಳಲ್ಲಿ ಕೂತು ನೋಡಬಹುದು.

ದೋಣಿಯಲ್ಲಿ ಒಂದಷ್ಟು ಹೆಚ್ಚು ಕೊಟ್ಟರೆ ಸಿಲಿಂಡರ್ ಹಾಕಿ ಡೈವ್ ಮಾಡಿಸ್ತೀವಿ ಅಂತಾರೆ. ಸ್ನಾರ್ಕೆಲಿಂಗ್ ಆದ ಮೇಲೆ ಎಷ್ಟು ಎತ್ತರಕ್ಕೆ ಹೋದರೂ ಚಿಂತೆಯಿಲ್ಲ. ಆದರೆ ಡೈವ್ ಮಾಡಿದರೆ ರಕ್ತದಲ್ಲಿ ನೈಟ್ರೋಜನ್ ಉಳಿದಿರುತ್ತೆ, ಒಂದು ಡೈವಿಗೇ ವಿಮಾನ ಹತ್ತೋಕೆ ಕನಿಷ್ಠ 12 ಗಂಟೆ ಬಿಡಬೇಕು ಅನ್ನೋದು ನಿಯಮ. ಸುಮಾರು 600 ಮೀಟರ್ ದಾಟಿದ ಬೆಟ್ಟವೂ ಅದೇ ಲೆಕ್ಕ. ವೈಕಾಪು ತಗ್ಗಿನಲ್ಲಿದೆ, ಪರವಾಗಿಲ್ಲ. ಹಲಿಯಾಕಲಾ ಇಳಿಜಾರಿನ ಕೂಲಾ ಕಡೆಯ ಜಿಪ್‌ಲೈನ್ ಅಥವಾ ಮರುದಿನ ಬೆಳಗಿನ ಜಾವ ಶಿಖರದ ಸೂರ್ಯೋದಯ ಇಟ್ಟುಕೊಂಡಿದ್ದರೆ ಡೈವ್ ಬಿಡಿ.

ಟಿಪ್ಸ್‌ಗೆ ನಗದು ಇರಲಿ, ದೋಣಿಯಲ್ಲೂ ಜಿಪ್‌ನಲ್ಲೂ ಟಿಕೆಟ್ಟಿನ 15-20 ಶೇಕಡಾ ಕೊಡೋದು ಅಲ್ಲಿ ರೂಢಿ. ಐದು ಜನಕ್ಕೆ ಅದೂ ದೊಡ್ಡ ಮೊತ್ತವೇ, ಬಜೆಟ್ಟಿಗೆ ಈಗಲೇ ಸೇರಿಸಿಕೊಳ್ಳಿ.