ಹಳೆಯ ಮನೆಯ ಬೀಟೆ ತೊಲೆಯಿಂದ ಗಿಟಾರ್ ಮಾಡಬಹುದೇ?

ಮಲೆನಾಡ ಮರಗೆಲಸ:

ಎಲ್ಲರಿಗೂ ನಮಸ್ಕಾರ. ತೀರ್ಥಹಳ್ಳಿಯ ಸಮೀಪ ನಮ್ಮ ಅಜ್ಜ ಕಟ್ಟಿಸಿದ್ದ ಮನೆಯನ್ನು ಕಳೆದ ಬೇಸಿಗೆಯಲ್ಲಿ ಬಿಚ್ಚಿಸಿದೆವು. ಜಗಲಿಯ ಮೇಲಿದ್ದ ಒಂದು ಬೀಟೆ ತೊಲೆಯನ್ನು ಮಾತ್ರ ಯಾರಿಗೂ ಕೊಡದೆ ಕೊಟ್ಟಿಗೆಯಲ್ಲಿ ಇಟ್ಟುಕೊಂಡಿದ್ದೇನೆ. ಅದು 7 ಅಡಿ ಉದ್ದ, 8 ಇಂಚು ಅಗಲ, 6 ಇಂಚು ದಪ್ಪ ಇದೆ. ಹೊಗೆ ಹಿಡಿದು ಕಪ್ಪಾಗಿದ್ದ ಮೈಯನ್ನು ಒಂದು ಮೂಲೆಯಲ್ಲಿ ಕೀಸುಳಿಯಿಂದ ಎರೆದಾಗ ನೇರಳೆ ಬಣ್ಣದ ನಡುವೆ ಕಪ್ಪು ಗೀರುಗಳು ಕಂಡವು. ಇಷ್ಟು ವರ್ಷಗಳಾದ ಮೇಲೂ ಅದರ ಸಿಹಿಗಂಪು ಕೊಟ್ಟಿಗೆಯನ್ನೆಲ್ಲ ತುಂಬಿತು.

ಬಾಗಿಲು, ಮೇಜು, ಕಪಾಟುಗಳನ್ನು ಮಾಡಿ ನನಗೆ ಅಭ್ಯಾಸವಿದೆ, ವಾದ್ಯವನ್ನು ಮಾಡಿಲ್ಲ. ಮಗಳು ಕ್ಲಾಸಿಕಲ್ ಗಿಟಾರ್ ಕಲಿಯುತ್ತಿದ್ದಾಳೆ, ಮುಂದಿನ ವರ್ಷ ಓದಿಗಾಗಿ ಜರ್ಮನಿಗೆ ಹೋಗುವವಳಿದ್ದಾಳೆ. ಅವಳ ಮುತ್ತಜ್ಜನ ಮನೆಯ ಮರವೇ ಅವಳ ಕೈಯಲ್ಲಿ ನುಡಿಯಬೇಕೆಂಬುದು ನನ್ನ ಆಸೆ. ಈ ತೊಲೆಯಿಂದ ಇಡೀ ಗಿಟಾರನ್ನು ಮಾಡಬಹುದೇ, ಅಥವಾ ವೀಣೆಗೆ ಇದು ಹೆಚ್ಚು ಒಪ್ಪುತ್ತದೆಯೇ? ಕೊಯ್ಯುವ ಮೊದಲು ಏನನ್ನು ಗಮನಿಸಬೇಕು? ಒಮ್ಮೆ ಗರಗಸ ಇಟ್ಟರೆ ಹಿಂದಿರುಗುವ ದಾರಿಯಿಲ್ಲವೆಂಬ ಅಳುಕಿನಿಂದ ಕೇಳುತ್ತಿದ್ದೇನೆ.

ಆರು ತಂತಿ:

ಆತ್ಮೀಯರೇ, ನಿಮ್ಮ ತೊಲೆಯನ್ನು ಜೋಪಾನವಾಗಿ ಇಟ್ಟುಕೊಂಡದ್ದು ಒಳ್ಳೆಯದಾಯಿತು. ಬೆಂಗಳೂರಿನಲ್ಲಿ ಹನ್ನೆರಡು ವರ್ಷಗಳಿಂದ ಗಿಟಾರ್ ಕಟ್ಟುತ್ತಿರುವ ಅನುಭವದಿಂದ ಬರೆಯುತ್ತಿದ್ದೇನೆ.

ಬೀಟೆ ಗಿಟಾರಿನ ಬೆನ್ನಿಗೆ ಮತ್ತು ಪಕ್ಕಗಳಿಗೆ ಬರುವ ಮರವೇ ಹೊರತು ಎದೆಹಲಗೆಗೆ ಅಲ್ಲ. ತಂತಿಯ ಕಂಪನವನ್ನು ಮೊದಲು ಹಿಡಿದು ಗಾಳಿಗೆ ದಾಟಿಸುವುದು ಎದೆಹಲಗೆ. ಅದು ಹಗುರವೂ ಬಿಗುವೂ ಆಗಿರಬೇಕಾದ್ದರಿಂದ ಸ್ಪ್ರೂಸ್ ಅಥವಾ ಸೀಡರ್‌ನಂತಹ ಮೆದುಮರವೇ ಬೇಕು. ಸ್ಪೇನಿನ ಗಿಟಾರ್ ತಯಾರಕ ಆಂಟೋನಿಯೊ ಡೆ ಟೊರೆಸ್ ಇದನ್ನು ತೋರಿಸಿಕೊಡಲೆಂದೇ 1862ರಲ್ಲಿ ಬೆನ್ನು ಮತ್ತು ಪಕ್ಕಗಳನ್ನು ಕಾಗದದ ರಟ್ಟಿನಿಂದ ಮಾಡಿ, ಎದೆಗೆ ಮಾತ್ರ ಒಳ್ಳೆಯ ಸ್ಪ್ರೂಸ್ ಹಾಕಿ ಒಂದು ಗಿಟಾರ್ ಕಟ್ಟಿದ್ದ. ಅದು ಇಂದಿಗೂ ಬಾರ್ಸಿಲೋನಾದ ಸಂಗೀತ ವಸ್ತುಸಂಗ್ರಹಾಲಯದಲ್ಲಿದೆ. 2018ರಲ್ಲಿ ಪ್ರಕಟವಾದ ಲ್ಯಾಂಕಾಸ್ಟರ್ ವಿಶ್ವವಿದ್ಯಾಲಯದ ಅಧ್ಯಯನವೊಂದರಲ್ಲಿ, ಬೆನ್ನು ಮತ್ತು ಪಕ್ಕಗಳ ಮರವೊಂದನ್ನು ಬಿಟ್ಟು ಉಳಿದೆಲ್ಲವೂ ಒಂದೇ ಆಗಿದ್ದ 6 ಗಿಟಾರುಗಳನ್ನು 52 ವಾದಕರಿಗೆ ಮರ ಕಾಣದಂತೆ ನುಡಿಸಲು ಕೊಟ್ಟಾಗ, ದುಬಾರಿ ಮರದ ವಾದ್ಯಗಳನ್ನು ಅವರು ಮೇಲೆಂದು ಗುರುತಿಸಲಿಲ್ಲ. ಆದರೂ ನಾನು ಬೀಟೆಯನ್ನು ಬಿಡುವುದಿಲ್ಲ. ಅದು ಕಾವಿಗೆ ಚೆನ್ನಾಗಿ ಬಾಗುತ್ತದೆ, ಒಣಗಿದ ಮೇಲೆ ಆಕಾರ ಕೆಡುವುದು ಕಡಿಮೆ, ತೆಳುವಾಗಿ ಎರೆದರೂ ಗಟ್ಟಿಯಾಗಿರುತ್ತದೆ. ಸ್ಪೇನಿನವರಿಗೂ ಅಮೆರಿಕದವರಿಗೂ ಬಲು ದೂರದ ಅಪರೂಪದ ಮರವಾಗಿರುವ ಇದು ನಿಮ್ಮ ಜಗಲಿಯ ಮೇಲೆಯೇ ಇತ್ತು. ನಮಗೆ ಪರದೇಶದಿಂದ ತರಿಸಬೇಕಾದ್ದು ಸ್ಪ್ರೂಸ್.

ಕೊಯ್ಯುವ ಮುನ್ನ ತೊಲೆಯ ಎರಡೂ ತುದಿಗಳನ್ನು ನುಣುಪಾಗಿಸಿ ಉಂಗುರಗಳನ್ನು ನೋಡಿ. ಮರದ ನಡುತಿರುಳು ತೊಲೆಯ ಮಧ್ಯದಲ್ಲೇ ಇದ್ದರೆ, ಉಂಗುರಗಳು ಹಲಗೆಯ ಮುಖಕ್ಕೆ ನೆಟ್ಟಗೆ ನಿಲ್ಲುವ ಹಾಗೆ ಕೊಯ್ದಾಗ ನಿಮಗೆ ಸುಮಾರು 4 ಇಂಚು ಅಗಲ ಮಾತ್ರ ದಕ್ಕುತ್ತದೆ. ತಿರುಳು ತೊಲೆಯ ಹೊರಗಿದ್ದರೆ 8 ಇಂಚೂ ದಕ್ಕೀತು. ಅಗಲ ಕಡಿಮೆಯೆಂದು ನಿರಾಶರಾಗಬೇಡಿ. ಬ್ರೆಜಿಲ್ ಬೀಟೆಯ ಅಗಲ ಹಲಗೆಗಳು ಸಿಗದಾದಾಗ ಅಮೆರಿಕದ ಗಿಟಾರ್ ತಯಾರಕರಾದ ಮಾರ್ಟಿನ್ ಕಂಪನಿಯು 1965ರಲ್ಲಿ ಮೂರು ತುಂಡುಗಳ ಬೆನ್ನಿನ ಡಿ-35 ಎಂಬ ಗಿಟಾರನ್ನೇ ಹೊರತಂದಿತು. 1969ರ ಹೊತ್ತಿಗೆ ಅದೇ ಕಂಪನಿ ಭಾರತದ ಬೀಟೆಗೆ ಬದಲಾಯಿಸಿಕೊಂಡಿತು. ನೀವು ನಾಲ್ಕು ತುಂಡು ಕೂಡಿಸಿದರೂ ಸೊಗಸಾಗಿಯೇ ಇರುತ್ತದೆ.

ಸಾಮಿಲ್ಲಿಗೆ ಒಯ್ಯುವ ಮೊದಲು ತೊಲೆಯ ಮೇಲೆಲ್ಲ ಅಯಸ್ಕಾಂತ ಆಡಿಸಿ. ಹಳೆಯ ಮೊಳೆಯ ಒಂದು ಚೂರು ಗರಗಸದ ಹಲ್ಲನ್ನೂ ಹಲಗೆಯನ್ನೂ ಹಾಳು ಮಾಡಬಲ್ಲದು. ಹಲಗೆಗಳನ್ನು 4 ಮಿಲಿಮೀಟರಿಗೆ ಕೊಯ್ಸಿ, ತುದಿಗಳಿಗೆ ಮೇಣ ಹಚ್ಚಿ, ನಡುನಡುವೆ ರೀಪಿನ ಚೂರುಗಳನ್ನಿಟ್ಟು ಪೇರಿಸಿ, ಮೇಲೆ ಭಾರ ಹೇರಿ. ನೂರು ವರ್ಷದ ಮರವಾದರೂ ಕೊಯ್ದ ಮೇಲೆ ಒಳಗಿನ ಬಿಗಿತ ಸಡಿಲಗೊಂಡು ಸೊಟ್ಟಗಾಗುವುದುಂಟು. ಅಡುಗೆಮನೆಯ ತಕ್ಕಡಿಯಲ್ಲಿ ವಾರಕ್ಕೊಮ್ಮೆ ತೂಗಿ, ಹಲಗೆಯ ಮೇಲೆಯೇ ಪೆನ್ಸಿಲಿನಿಂದ ಬರೆದಿಡಿ. ತೂಕ ಇಳಿಯುವುದು ನಿಲ್ಲುವವರೆಗೆ ಕೈ ಹಾಕಬೇಡಿ.

ವೀಣೆ ಮನೆ, ಮೈಸೂರು:

ಮೇಲಿನವರು ವೀಣೆಯ ಪ್ರಶ್ನೆಯನ್ನು ಮುಟ್ಟಲಿಲ್ಲವಾದ್ದರಿಂದ ಆ ಬಗ್ಗೆ ನಾಲ್ಕು ಮಾತು. ನಮ್ಮ ಮನೆಯಲ್ಲಿ ತಂದೆಯವರ ಕಾಲದಿಂದ ವೀಣೆ ಮಾಡುತ್ತೇವೆ. ವೀಣೆಯ ಕೊಡವನ್ನು ದಿಮ್ಮಿಯಿಂದ ಬಾಚಿ ಮತ್ತು ಉಳಿಗಳಿಂದ ತೋಡಿ ತೆಗೆಯಬೇಕು. ಅದರ ಅಗಲವೇ ಒಂದು ಅಡಿಗಿಂತ ಹೆಚ್ಚು. 8 ಇಂಚಿನ ತೊಲೆಯಲ್ಲಿ ಅದು ಹುಟ್ಟುವುದಿಲ್ಲ. ಮೇಲಾಗಿ ಹಲಸು ಬೀಟೆಗಿಂತ ಬಹಳ ಹಗುರ. ತಂಜಾವೂರಿನವರು ಹಲಸನ್ನೇ ನೆಚ್ಚಿಕೊಂಡಿರುವುದಕ್ಕೆ ಕಾರಣವಿದೆ. ವೀಣೆಯಲ್ಲಿ ಬೀಟೆಗೆ ಬೇರೆ ಗೌರವದ ಜಾಗಗಳಿವೆ. ಬಿರಡೆಗೆ ಅದು ಬಹಳ ಒಳ್ಳೆಯದು: ತೂತಿನಲ್ಲಿ ತಿರುಗಿಸಿದಷ್ಟೂ ನುಣುಪಾಗುತ್ತದೆ, ಬೇಗ ಸವೆಯುವುದಿಲ್ಲ, ಶ್ರುತಿ ಜಾರಗೊಡುವುದಿಲ್ಲ. ಆದ್ದರಿಂದ ಗಿಟಾರಿಗೆ ಕೊಯ್ದು ಉಳಿದ ಒಂದೂವರೆ ಇಂಚಿನ ತುಂಡುಗಳನ್ನು ದಯವಿಟ್ಟು ಒಲೆಗೆ ಹಾಕಬೇಡಿ. ನಾವು ಒಂದು ಬಿರಡೆಯ ತುಂಡನ್ನೂ ಎಸೆಯುವುದಿಲ್ಲ.

ಇನ್ನೊಂದು ಮಾತು. ಬೀಟೆಯ ಧೂಳು ಕೆಲವರ ಮೈಗೆ ಆಗುವುದಿಲ್ಲ. ನನ್ನ ತಮ್ಮನಿಗೆ ಮಣಿಕಟ್ಟಿನಿಂದ ಮೊಣಕೈವರೆಗೆ ಕೆಂಪು ದದ್ದು ಎದ್ದು, ಎರಡು ತಿಂಗಳು ಉಳಿ ಮುಟ್ಟಲಾಗಲಿಲ್ಲ. ಮುಖಗವಸು ಧರಿಸಿ, ತುಂಬು ತೋಳಿನ ಅಂಗಿ ಹಾಕಿ, ಕೆಲಸ ಮುಗಿದ ಕೂಡಲೇ ಕೈತೊಳೆಯಿರಿ.

ಕಾಗದಪತ್ರ:

ಕಾನೂನಿನ ವಿಷಯ ಚಿಕ್ಕದಾಗಿ. ಬೀಟೆಯ ಸಾಗಣೆಗೆ ಅರಣ್ಯ ಇಲಾಖೆಯ ಪರವಾನಗಿ ಬೇಕಾಗುತ್ತದೆ. ಮನೆ ಬಿಚ್ಚಿಸುವಾಗಿನ ಫೋಟೊ ಮತ್ತು ಪಹಣಿಗಳನ್ನು ಹಿಡಿದು ವಲಯ ಅರಣ್ಯಾಧಿಕಾರಿಗಳ ಕಚೇರಿಗೆ ಮೊದಲೇ ಹೋಗಿ ವಿಚಾರಿಸಿ. ಸಾಮಿಲ್ಲಿನವರೂ ಅದನ್ನೇ ಕೇಳುತ್ತಾರೆ. ವಿದೇಶಕ್ಕೆ ಒಯ್ಯುವ ಬಗ್ಗೆ ಹೇಳುವುದಾದರೆ, 2017ರ ಜನವರಿಯಿಂದ ಬೀಟೆಯ ಇಡೀ ಕುಲವನ್ನು ಸೈಟ್ಸ್ (ಅಳಿವಿನಂಚಿನ ಸಸ್ಯ-ಪ್ರಾಣಿಗಳ ಅಂತರರಾಷ್ಟ್ರೀಯ ವ್ಯಾಪಾರವನ್ನು ನಿಯಂತ್ರಿಸುವ) ಒಪ್ಪಂದದ ಪಟ್ಟಿಗಳಿಗೆ ಸೇರಿಸಿದಾಗ ವಾದ್ಯಗಾರರಿಗೆ ತುಂಬಾ ತೊಂದರೆಯಾಗಿತ್ತು. 2019ರ ನವೆಂಬರ್‌ನಿಂದ ನಮ್ಮ ಬೀಟೆಯ ಸಿದ್ಧ ವಾದ್ಯಗಳಿಗೆ ಆ ಒಪ್ಪಂದದಡಿ ವಿನಾಯಿತಿ ಇದೆ. ಬ್ರೆಜಿಲ್ ಬೀಟೆಗೆ ಈ ವಿನಾಯಿತಿ ಇಲ್ಲ, ಅದು 1992ರಿಂದ ಅತಿ ಕಟ್ಟುನಿಟ್ಟಿನ ಪಟ್ಟಿಯಲ್ಲಿದೆ. ನೋಡಲು ಎರಡೂ ಒಂದೇ ತರಹ ಕಾಣುವುದರಿಂದ, ಯಾವ ಮರವೆಂದು ಬರೆದ ಪತ್ರವೊಂದನ್ನು ಮಗಳ ಗಿಟಾರ್ ಪೆಟ್ಟಿಗೆಯಲ್ಲಿ ಇಟ್ಟಿರಲಿ.

ಮಲೆನಾಡ ಮರಗೆಲಸ:

ಮೂವರಿಗೂ ಮನಃಪೂರ್ವಕ ವಂದನೆಗಳು. ತುದಿಗಳನ್ನು ಎರೆದು ನೋಡಿದೆ. ತಿರುಳು ಒಂದು ಬದಿಗೆ ಸರಿದಿದೆ. ಐದೂವರೆ ಇಂಚಿನಷ್ಟು ಅಗಲ ಸಿಗುವಂತಿದೆ, ಮೂರು ತುಂಡಿನ ಬೆನ್ನು ಮಾಡುತ್ತೇನೆ. ಉಳಿದ ತುಂಡುಗಳು ಮೈಸೂರಿನವರಿಗೇ ಮೀಸಲು, ಪರವಾನಗಿ ಕೈಸೇರಿದ ಮೇಲೆ ನಾನೇ ತಂದುಕೊಡುತ್ತೇನೆ. ಒಂದು ಸಂದೇಹ ಉಳಿದಿದೆ: ನಮ್ಮಲ್ಲಿ ಆಷಾಢದಲ್ಲಿ ಉಪ್ಪಿನ ಡಬ್ಬಿಯೂ ನೀರೊಡೆಯುತ್ತದೆ. ಇಲ್ಲಿ ಕೂಡಿಸಿದ ವಾದ್ಯ ಜರ್ಮನಿಯ ಚಳಿಗಾಲದಲ್ಲಿ ತಡೆದೀತೇ?

ಆರು ತಂತಿ:

ಮಳೆಗಾಲದಲ್ಲಿ ಖಂಡಿತ ಕೂಡಿಸಬೇಡಿ. ನನ್ನ ಮೊದಲ ಗಿಟಾರನ್ನು ಜುಲೈ ತಿಂಗಳಲ್ಲಿ ಮಂಗಳೂರಿನ ಸ್ನೇಹಿತರ ಮನೆಯಲ್ಲಿ ಅಂಟಿಸಿದ್ದೆ; ಮಾರ್ಚಿನಲ್ಲಿ ಬೆಂಗಳೂರಿನ ಒಣಹವೆಗೆ ಬೆನ್ನು ಕುಗ್ಗಿ, ಒಂದು ರಾತ್ರಿ ಟಪ್ಪೆಂದು ನಡುವೆ ಸೀಳಿತು. ಮರ ಉದ್ದಕ್ಕೆ ಕುಗ್ಗುವುದಿಲ್ಲ, ಅಡ್ಡಕ್ಕೆ ಕುಗ್ಗುತ್ತದೆ. ಒಳಮೈಗೆ ಅಂಟಿಸಿದ ಅಡ್ಡಪಟ್ಟಿಗಳು ಅದನ್ನು ಬಿಗಿಹಿಡಿದಿರುವುದರಿಂದ ಅದಕ್ಕೆ ಸೀಳದೆ ಗತ್ಯಂತರವಿಲ್ಲ. ಒಣಹವೆಯಲ್ಲಿ ಕಟ್ಟಿದ ವಾದ್ಯ ಮಳೆಗಾಲದಲ್ಲಿ ಸ್ವಲ್ಪ ಉಬ್ಬಿದರೂ ಸೀಳುವ ಭಯ ಕಡಿಮೆ. ನೂರಿಪ್ಪತ್ತು ರೂಪಾಯಿ ಹೆಚ್ಚಾದರೂ ಚಿಂತೆಯಿಲ್ಲ, ಒಳ್ಳೆಯ ತೇವಮಾಪಕವನ್ನು ಕೊಳ್ಳಿರಿ. ಗಾಳಿಯ ತೇವ ಶೇಕಡಾ 45ರ ಆಸುಪಾಸಿಗೆ ಬಂದು ಒಂದೆರಡು ವಾರ ನಿಂತ ಮೇಲೆ ಬೆನ್ನಿಗೂ ಎದೆಗೂ ಪಟ್ಟಿ ಅಂಟಿಸಿ. ಅಷ್ಟು ಒಣಹವೆ ಊರಿನಲ್ಲಿ ಸಿಗದಿದ್ದರೆ ಹಲಗೆಗಳನ್ನು ನನ್ನಲ್ಲಿಗೆ ತನ್ನಿ, ಇಲ್ಲಿಯೇ ಕುಳಿತು ಅಂಟಿಸೋಣ. ಬೀಟೆಯಲ್ಲಿ ಎಣ್ಣೆಯಂಶ ಇರುವುದರಿಂದ ಅಂಟು ಹಚ್ಚುವ ಅರ್ಧ ಗಂಟೆಯೊಳಗೆ ಕೂಡುವ ಅಂಚನ್ನು ಹೊಸದಾಗಿ ಎರೆಯಬೇಕು; ಮರವಜ್ರವಾದರೆ (ಪ್ರಾಣಿಗಳ ತೊಗಲು, ಮೂಳೆಗಳಿಂದ ಮಾಡುವ ಅಂಟು) ಮುಂದೆ ರಿಪೇರಿಗೆ ಬಿಸಿ ತಾಗಿಸಿ ಬಿಚ್ಚಲೂಬಹುದು.

ಬೆನ್ನಿನ ಹಲಗೆ ಎರೆಯುತ್ತಾ ಎರಡೂವರೆ ಮಿಲಿಮೀಟರಿಗೆ ಬಂದಾಗ, ತುದಿಯಿಂದ ಉದ್ದದ ಐದನೆಯ ಒಂದು ಭಾಗದಷ್ಟು ಒಳಗೆ ಎರಡು ಬೆರಳಲ್ಲಿ ಹಗುರವಾಗಿ ತೂಗುಹಾಕಿ ಹಿಡಿದು, ನಡುವೆ ಗೆಣ್ಣಿನಿಂದ ತಟ್ಟಿ ನೋಡಿ. ಆ ದನಿ ಹೇಗೆ ಬಂತೆಂದು ಇಲ್ಲಿ ತಪ್ಪದೆ ಬರೆಯಿರಿ.