ಅದು ವುಡ್‌ಸ್ಟಾಕ್ ಅಲ್ಲ ಮಾರಾಯ

ರಾಘು: (ಆರು ಫೋಟೋ) ನೋಡ್ರಪ್ಪಾ, ವುಡ್‌ಸ್ಟಾಕ್ 1969, ಅಮೆರಿಕದ ಆ ದೊಡ್ಡ ಸಂಗೀತ ಜಾತ್ರೆ! ಯಾರೋ ಪ್ರೇಕ್ಷಕರೇ ತೆಗೆದದ್ದಂತೆ. ಎಂಥಾ ಕಾಲ, ಎಂಥಾ ಜನ! 😂😂

ಸುಮಾ: ಅದು ವುಡ್‌ಸ್ಟಾಕ್ ಅಲ್ಲ ಮಾರಾಯ. ವುಡ್‌ಸ್ಟಾಕ್ ಆಗಸ್ಟ್‌ನಲ್ಲಿ ನಡೆದದ್ದು, ಮಳೆ, ಕೆಸರು. ಇಲ್ಲಿ ಬೋಳುಗುಡ್ಡ, ಜನ ಕಂಬಳಿ ಹೊದ್ದು ಕೂತಿದ್ದಾರೆ. ಮೂರನೇ ಫೋಟೋ ದೊಡ್ಡದು ಮಾಡಿ ನೋಡು. ವೇದಿಕೆ ಮೇಲಿರುವವನ ಬೆನ್ನ ಮೇಲೆ ರೆಕ್ಕೆ ಇರುವ ತಲೆಬುರುಡೆ. ಹೆಲ್ಸ್ ಏಂಜೆಲ್ಸ್ ಬೈಕ್ ಗ್ಯಾಂಗು. ಇದು ಕ್ಯಾಲಿಫೋರ್ನಿಯಾದ ಆಲ್ಟಮಾಂಟ್, 1969ರ ಡಿಸೆಂಬರ್ 6. ರೋಲಿಂಗ್ ಸ್ಟೋನ್ಸ್ ರಾಕ್ ತಂಡದವರ ಪುಕ್ಕಟೆ ಕಾರ್ಯಕ್ರಮ. ನಾಲ್ಕು ಜನ ಸತ್ತರು. ನೀನು ನಗುವ ಇಮೋಜಿ ಹಾಕಿದ್ದೀಯ.

ರಾಘು: ಫೋಟೋದಲ್ಲಿ ಎಲ್ಲರೂ ಆರಾಮಾಗೇ ಇದ್ದಾರಲ್ಲ? ಒಬ್ಬಳು ಕಿತ್ತಳೆ ಸುಲಿಯುತ್ತಿದ್ದಾಳೆ.

ಸುಮಾ: ಹಿಂದೆ ಕೂತವರಿಗೆ ಮುಂದೆ ಏನಾಯ್ತೆಂದೇ ಗೊತ್ತಿರಲಿಲ್ಲ.

ಪ್ರಕಾಶ: ಗಾಂಜಾ, ಎಲ್‌ಎಸ್‌ಡಿ, ಬಿಯರ್. ಸುಮಾರು ಮೂರು ಲಕ್ಷ ಜನ. ಮತ್ತೇನಾಗುತ್ತೆ?

ಸುಮಾ: ವುಡ್‌ಸ್ಟಾಕ್‌ನಲ್ಲಿ ಗಾಂಜಾ ಇರಲಿಲ್ವಾ? ವೇದಿಕೆ ಎಷ್ಟು ತಗ್ಗಿದೆ ನೋಡು. ಮೂರು-ನಾಲ್ಕು ಅಡಿ ಅಷ್ಟೇ. ಸಿಯರ್ಸ್ ಪಾಯಿಂಟ್ ಎಂಬ ಜಾಗಕ್ಕೆಂದು ಮಾಡಿದ್ದು. ಅಲ್ಲಿ ವೇದಿಕೆ ದಿಬ್ಬದ ಮೇಲೆ ಬರುತ್ತಿತ್ತು, ತಗ್ಗಾದರೂ ನಡೀತಿತ್ತು. ದುಡ್ಡಿನ ಮಾತು, ಸಿನಿಮಾ ಹಕ್ಕಿನ ಮಾತು ಮುರಿದು, ಇನ್ನೇನು ಎರಡು ದಿನ ಇದೆ ಎನ್ನುವಾಗ ಆಲ್ಟಮಾಂಟ್ ರೇಸ್ ಟ್ರ್ಯಾಕಿಗೆ ಬಂದರು. ಇಲ್ಲಿ ಅದೇ ವೇದಿಕೆ ಇಳಿಜಾರಿನ ಬುಡದಲ್ಲಿ. ಹಿಂದಿನವರು ತಳ್ಳಿದರೆ ಮುಂದಿನವರು ನೇರ ಗಿಟಾರಿನ ಮೇಲೆ! ತಡೆಯಲು ಕೂರಿಸಿದ್ದು ಬಿಲಿಯರ್ಡ್ಸ್ ಕೋಲು ಹಿಡಿದ ಏಂಜೆಲ್ಸ್‌ನವರನ್ನು. ಅವರಿಗೆ 500 ಡಾಲರಿನ ಬಿಯರ್. ಅದು ಕಾವಲಿನ ಕೂಲಿಯೋ ಅಲ್ಲವೋ ಎಂದು ಇವತ್ತಿಗೂ ಜಗಳ.

ನಾಗರಾಜ (ಅಡ್ಮಿನ್): ಅಲ್ಲಿ ಹಾಡಲು ಬಂದಿದ್ದ ಜೆಫರ್ಸನ್ ಏರ್‌ಪ್ಲೇನ್ ತಂಡದ ಗಾಯಕ ಮಾರ್ಟಿ ಬಾಲಿನ್‌ಗೇ ಏಂಜೆಲ್ಸ್‌ನವರು ಹೊಡೆದು ಪ್ರಜ್ಞೆ ತಪ್ಪಿಸಿದ್ದರು. ಗ್ರೇಟ್‌ಫುಲ್ ಡೆಡ್ ತಂಡದವರು ಹಾಡದೆಯೇ ವಾಪಸ್ ಹೋದರು.

ಪ್ರಕಾಶ: ಆದರೆ ಏಂಜೆಲ್ಸ್‌ನವನೊಬ್ಬ ಚಾಕು ಚುಚ್ಚಿ ಕೊಂದ ಆ ಹುಡುಗನ ಕೈಲಿ ಪಿಸ್ತೂಲಿತ್ತು. ಚುಚ್ಚಿದವನನ್ನು 1971ರಲ್ಲಿ ಕೋರ್ಟೇ ಬಿಟ್ಟಿತು, ಆತ್ಮರಕ್ಷಣೆ ಅಂತ.

ಸುಮಾ: ಇತ್ತು. ಇಲ್ಲ ಎಂದವರ್ಯಾರು? ಮೊದಲು ವೇದಿಕೆ ಹತ್ತಿರ ಹೊಡೆದು ಅಟ್ಟಿದರು, ಪಿಸ್ತೂಲು ಹೊರಗೆ ಬಂದದ್ದು ಆಮೇಲೆ. ಮೆರೆಡಿತ್ ಹಂಟರ್, 18 ವರ್ಷದ ಕಪ್ಪು ಹುಡುಗ, ಹಸಿರು ಸೂಟು ಹಾಕಿಕೊಂಡು ಹಾಡು ಕೇಳಲು ಬಂದವನು. ಅವನ ಸಮಾಧಿಗೆ ಎಷ್ಟೋ ವರ್ಷ ಹೆಸರಿನ ಕಲ್ಲೂ ಇರಲಿಲ್ಲ. ಉಳಿದ ಮೂವರನ್ನಂತೂ ಯಾರೂ ನೆನೆಯುವುದಿಲ್ಲ. ಇಬ್ಬರ ಮೇಲೆ ಕಾರು ಹರಿಯಿತು, ಒಬ್ಬ ಕಾಲುವೆಯಲ್ಲಿ ಮುಳುಗಿದ. ಅವರ ಕೈಲಿ ಯಾವ ಪಿಸ್ತೂಲಿತ್ತು?

ಪ್ರಕಾಶ: ಪಿಸ್ತೂಲು ತಂದದ್ದು ತಪ್ಪು. ಅಷ್ಟೇ ನಾನು ಹೇಳುವುದು.

ಸುಮಾ: ತಪ್ಪೇ. ನಾನು ಕೇಳುತ್ತಿರುವುದು ವೇದಿಕೆ ಹಾಕಿದವರ ಬಗ್ಗೆ. ರಾಘು, ಹೆಸರು ಸರಿಮಾಡಿ ಹಾಕು.

ರಾಘು: ಈಗ ಎಡಿಟ್ ಆಗಲ್ಲ ಕಣೇ, ಟೈಮ್ ಮೀರಿತು. ಡಿಲೀಟ್ ಮಾಡಿದರೆ ಹನ್ನೊಂದು ಹಾರ್ಟು ಹೋಗುತ್ತೆ.

ನಾಗರಾಜ (ಅಡ್ಮಿನ್): ಹೋಗಲಿ ಬಿಡು. ನಾನೇ ಡಿಲೀಟ್ ಮಾಡುತ್ತೇನೆ.