ಟೇಲರ್ ಅಕ್ಕನ್ನ ಕೇಳ್ರಿ: ಕೂಸಿನ ರೋಂಪರ್, ಬಾಡಿಸೂಟ್ ಹೊಲಿಗಿ

ಅಡ್ಮಿನ್: ನಮಸ್ಕಾರ್ರೀ ಎಲ್ಲಾರಿಗೂ. ಬಾಗಲಕೋಟಿ ನವನಗರದಾಗ ಸಣ್ಣ ಮಕ್ಕಳ ಅರಿವಿ ಹೊಲಿಯೋ ಅಕ್ಕಾರು ಇವತ್ತ ರಾತ್ರಿ ಉತ್ತರ ಕೊಡ್ತಾರ. ರೋಂಪರ್ (ಅಂಗಿ-ಚಡ್ಡಿ ಕೂಡೇ ಇರೋದು), ಬಾಡಿಸೂಟ್ (ತೊಡಿ ಸಂದಿನ್ಯಾಗ ಟಿಚ್ ಬಟನ್ ಇರೋ ಬನಿಯನ್) ಬಿಟ್ಟು ಬ್ಯಾರೆ ಏನೂ ಕೇಳಬ್ಯಾಡ್ರಿ. ಫಾರ್ವರ್ಡ್ ಅಂತೂ ಹಾಕಲೇಬ್ಯಾಡ್ರಿ.

ಜಮಖಂಡಿ ತಂಗಿ: ಅಕ್ಕಾರ, ನಮ್ಮ ಅತ್ತಿ ಕಾಲದ ಕರೀ ಮಷೀನ್ ಐತ್ರಿ, ಸೀದಾ ಹೊಲಿಗಿ ಅಷ್ಟ ಬೀಳತೈತಿ. ಬನಿಯನ್ ಅರಿವಿಲೆ ಬಾಡಿಸೂಟ್ ಹೊಲದೆ. ಕೂಸಿನ ತಲಿ ಹಾಯಿಸುವಾಗ ಕೊರಳ ಹೊಲಿಗಿ ಪಟಪಟ ಹರೀತು. ದಾರ ಸರಿ ಇಲ್ಲೇನ್ರಿ?

ಟೇಲರ್ ಅಕ್ಕ: ದಾರದ್ದು ತಪ್ಪಿಲ್ಲ. ಅರಿವಿ ಜಗ್ಗತೈತಿ, ಸೀದಾ ಹೊಲಿಗಿ ಜಗ್ಗಂಗಿಲ್ಲ, ಅದಕ್ಕ ಹರೀತು. ಝಿಗ್‌ಝ್ಯಾಗ್ ಇರೋ ಮಷೀನ್ ಇದ್ರ ಸಣ್ಣಗ ಝಿಗ್‌ಝ್ಯಾಗ್ ಹಾಕ್ರಿ. ಇಲ್ಲಂದ್ರ ಕತ್ತರಿಸಿ, ಕಚ್ಚಾ ಹೊಲಿಗಿ ಹಾಕಿ ಓವರ್‌ಲಾಕ್ (ಅಂಚಿನ ಎಳಿ ಬಿಚ್ಚದಂಗ ದಾರ ಸುತ್ತಿ ಹೊಲಿಯೋದು) ಮಾಡೋರ ಹಂತ್ಯಾಕ ಒಯ್ರಿ. ಸೂಜಿ ಮೊಂಡ ತುದೀದು ಬೇಕು, ಅಂಗಡ್ಯಾಗ ಬಾಲ್ ಪಾಯಿಂಟ್ 11 ನಂಬರ್ ಅಂತ ಕೇಳ್ರಿ. ಚೂಪ ಸೂಜಿ ಬನಿಯನ್ ಅರಿವಿನ ಎಳಿ ಕಡೀತೈತಿ, ಒಗದ ಮ್ಯಾಲೆ ಹೊಲಿಗಿ ಗುಂಟ ಸಾಲಾಗಿ ತೂತ ಬೀಳತಾವ. ಇನ್ನ ಕತ್ತರಿ ಹಚ್ಚೂ ಮೊದಲ ಅರಿವಿ ತೊಯಿಸಿ ಒಣಗಿಸ್ರಿ. ಕಾಟನ್ ಬನಿಯನ್ ಅರಿವಿ ಉದ್ದಕ್ಕ ಕುಗ್ಗತೈತಿ. ಕುಗ್ಗಿದ ಬಾಡಿಸೂಟ್ ತೊಡಿ ಸಂದಿನ್ಯಾಗ ಕೊರೀತೈತಿ.

ಇಳಕಲ್ಲ ಸೊಸಿ: ಕೊರಳ ಎಷ್ಟು ಇಡಬೇಕ್ರಿ? ತಲಿ ಹಾಯಂಗಿಲ್ಲ, ಇಲ್ಲಂದ್ರ ಭುಜದಿಂದ ಜಾರತೈತಿ.

ಟೇಲರ್ ಅಕ್ಕ: ಹುಟ್ಟಿದ ಕೂಸಿನ ತಲಿ ಸುತ್ತಳತಿ ಸುಮಾರ 35 ಸೆಂಟಿಮೀಟರ್, ವರ್ಷ ತುಂಬೂದ್ರಾಗ 45-46. ಜಗ್ಗಿದಾಗ ಕೊರಳ ಅಷ್ಟ ಆಗಬೇಕು, ಬಿಟ್ಟಾಗ ಮೈಗೆ ಕುಂದರಬೇಕು. ಅದಕ್ಕ ರಿಬ್ ಪಟ್ಟಿ (ಭಾಳ ಜಗ್ಗೋ ಗೆರಿ ಗೆರಿ ಅರಿವಿ) ಕೊರಳಿಗಿಂತ ಸಣ್ಣದ ಕತ್ತರಸ್ರಿ, ಕೊರಳ ಸುತ್ತಳತಿ 100 ಪಾಲು ಅಂದ್ರ ಪಟ್ಟಿ 80-85 ಪಾಲು. ಪಟ್ಟಿ ಅಷ್ಟ ಜಗ್ಗಿ ಹೊಲೀರಿ, ಕೊರಳ ಜಗ್ಗಬ್ಯಾಡ್ರಿ. ಭುಜದ ಮ್ಯಾಲೆ ಒಂದರ ಮ್ಯಾಲೊಂದು ಏರಿಸಿದ ಕೊರಳ ಇನ್ನೂ ಛಲೋ. ಕೂಸು ಬೆನ್ನತನಕ ಹೊಲಸ ಮಾಡಿಕೊಂಡಾಗ ತಲಿ ಮ್ಯಾಲಿಂದ ತಗಿಯೂದ ಬ್ಯಾಡ, ಕಾಲ ಕಡೆ ಇಳಿಸಿ ತಗೀಬಹುದು.

ಗುಳೇದಗುಡ್ಡ: ತೊಟ್ಟಿಲ ಕಾರ್ಯಕ್ಕ ಖಣದ ರೋಂಪರ್ ಹೊಲಿಬೇಕಂತ ಆಸೆ ಐತ್ರಿ. ನಮ್ಮೂರ ಖಣ, ಕುಂಚಿಗಿಗೆ ಉಳಿದದ್ದು ಐತಿ.

ಟೇಲರ್ ಅಕ್ಕ: ಹೊಲೀರಿ, ಚಂದ ಕಾಣತೈತಿ. ಆದ್ರ ಖಣ ಜಗ್ಗಂಗಿಲ್ಲ, ಬಾಡಿಸೂಟಿನ ಅಳತಿ ಹಚ್ಚಬ್ಯಾಡ್ರಿ. ಎದಿಗೆ, ಕುಂಡಿಗೆ ಸಡ್ಲ ಬಿಡ್ರಿ, ಬೆನ್ನ ಹಿಂದ ಕೆಳಗಿನ ತನಕ ತೆರಕೊಳ್ಳೂಹಂಗ ಮಾಡ್ರಿ. ಖಣದ ಹಿಂಬದಿ ನೇಯ್ಗಿ ಎಳಿ ಉಗರಿಗೆ ಸಿಗತಾವ, ಒಳಗ ಪೂರಾ ಮಲ್‌ಮಲ್ ಅಸ್ತರ ಹಾಕ್ರಿ. ಕಾರ್ಯ ಮುಗದ ಕೂಡಲೆ ಬಿಚ್ಚಿಬಿಡ್ರಿ.

ರಬಕವಿ: ಟಿಚ್ ಬಟನ್ ಯಾವ್ದು ಹಾಕಬೇಕ್ರಿ?

ಟೇಲರ್ ಅಕ್ಕ: ರಿಂಗಿಗೆ ಹಲ್ಲು ಇದ್ದು ಅರಿವಿ ಕಚ್ಚಿ ಹಿಡಿಯೋದು, 9.5 ಮಿಲಿಮೀಟರ್. ತೂತ ಹೊಡದು ಕೂಡಿಸೋದು ಬ್ಯಾಡ, ಬನಿಯನ್ ಅರಿವ್ಯಾಗ ತೂತ ಅಗಲಾಗಿ ಬಟನ್ ಕಳಚಿ ಬರತೈತಿ, ಕೂಸು ಬಾಯಾಗ ಹಾಕ್ಕೊಂತೈತಿ. ಪಟ್ಟಿ ಒಳಗ ಫ್ಯೂಸಿಂಗ್ ಕ್ಯಾನ್ವಾಸ್ (ಇಸ್ತ್ರಿ ಬಿಸಿಗೆ ಅಂಟೋ ಗಟ್ಟಿ ಅರಿವಿ) ಅಂಟಿಸಿ ಹಾಕ್ರಿ. ಹಾಕಿದ ಮ್ಯಾಲೆ ಒಂದೊಂದನೂ ಗಟ್ಟಿ ಜಗ್ಗಿ ನೋಡ್ರಿ.

ಮುಧೋಳ ಬಾಣಂತಿ: ಅಕ್ಕಾರ, ನನ್ನ ಮಗಗ ಮೂರ ತಿಂಗಳು. ಪಾದ ಮುಚ್ಚೋ ರೋಂಪರ್ ನಾನ ಹೊಲದೇನಿ, ಒಳಗ ಓವರ್‌ಲಾಕ್ ಮಾಡಿಸೇನಿ. ಮುಂಜಾನಿಂದ ಭಾಳ ಅಳಾಕತ್ತಾನ. ಈಗ ಬಿಚ್ಚಿ ನೋಡಿದ್ರ ಎಡಗಾಲ ನಡೂ ಬೆರಳ ಕೆಂಪಾಗಿ ಬಾತೈತಿ. ಅತ್ತಿ ಇರಿವಿ ಕಡದೈತಿ ಅಂತಾರ. ಪಾದ ಬಿಗಿ ಆತೇನ್ರಿ? ಮುಂದಿನ ಸಲ ಎಷ್ಟು ಸಡ್ಲ ಇಡಲಿ?

ಟೇಲರ್ ಅಕ್ಕ: ತಂಗಿ, ಅಳತಿ ಮಾತ ಆಮ್ಯಾಲೆ. ಮೊದಲ ಮೊಬೈಲ್ ಬ್ಯಾಟರಿ ಹಚ್ಚಿ ಆ ಬೆರಳಿನ ಬುಡ ನೋಡು. ಗೆರಿ ಕೊರದಂಗ ಇದ್ದು, ಗೆರಿಯಿಂದ ತುದಿ ತನಕ ಬಾತು, ಗೆರಿ ಹಿಂದ ಪಾದ ಸರಿ ಇದ್ರ ಅದು ಇರಿವಿ ಅಲ್ಲ. ದಾರನೋ ಕೂದಲನೋ ಸುತ್ತಿ ಬಿಗದಿರತೈತಿ. ಬಾವು ಮ್ಯಾಲೆ ಬಂದು ದಾರ ಒಳಗ ಮುಚ್ಚಿ ಹೋಗತೈತಿ, ಬರೇ ಕಣ್ಣಿಗೆ ಕಾಣಂಗಿಲ್ಲ. ಕಾಣಲಿಲ್ಲ ಅಂತ ಸುಮ್ಮ ಕುಂದರಬ್ಯಾಡ. ಬೆರಳಿಗೆ ರಕ್ತ ಓಡೋದು ನಿಂತ್ರ ಬೆರಳ ಹೋಗೂ ತನಕ ಬರತೈತಿ. ನಾ ಡಾಕ್ಟರ್ ಅಲ್ಲ, ಮಕ್ಕಳ ಡಾಕ್ಟರೊಬ್ರು ನಮ್ಮ ಅಂಗಡಿಗೆ ಅರಿವಿ ಹೊಲಿಸಾಕ ಬಂದಾಗ ತಿಳಿಸಿ ಹೇಳಿದ್ರು. ಇದು ನಾಳೆ ಮುಂಜಾನಿಗೆ ಇಡೋ ಕೆಲಸಲ್ಲ, ಈಗ ದವಾಖಾನಿಗೆ ಹೋಗು. ಎಣ್ಣಿ, ಅರಿಷಿಣ ಹಚ್ಚಬ್ಯಾಡ, ಹಚ್ಚಿದ್ರ ಅವರಿಗೂ ದಾರ ಕಾಣಂಗಿಲ್ಲ. ನೀನ ಬ್ಲೇಡ್ ಹಿಡಕೊಂಡು ಕುಂದರಬ್ಯಾಡ. ಹೋಗುವಾಗ ಆ ರೋಂಪರ್ ಚೀಲದಾಗ ಹಾಕ್ಕೊ, ಯಾವ ದಾರ ಅಂತ ಅವರು ನೋಡ್ಲಿ.

ಉಳದವರೂ ಓದ್ರಿ, ಎರಡು ಸಲ ಹೇಳಂಗಿಲ್ಲ. ಓವರ್‌ಲಾಕ್ ಹೊಲಿಗಿ ತುದಿಗೆ ದಾರದ ಜಡಿ ಉಳೀತೈತಿ. ಅಂಗಿಯಾಗ ಅದು ಹೊರಗ ಇಣಕತೈತಿ, ಕತ್ತರಸ್ತೀರಿ. ಪಾದ ಮುಚ್ಚೋ ರೋಂಪರ್‌ದಾಗ, ಕೂಸಿನ ಕೈಗೆ ಹಾಕೋ ಚೀಲದಾಗ ಅದು ಒಳಗ ಉಳೀತೈತಿ. ಕೂಸು ಕಾಲ ಝಾಡಿಸಿದಂಗೆಲ್ಲ ಬೆರಳಿಗೆ ಸುತ್ತತೈತಿ. ಹೊರಗಿಂದ ಚಂದ ಕಾಣಲಿ ಅಂತ ಕೆಲವ್ರು ಕಾಣದ ನೈಲಾನ್ ದಾರ ಹಾಕ್ತಾರ. ಅದು ಹರಿಯಂಗಿಲ್ಲ, ಕಾಣಂಗಿಲ್ಲ, ಹಸುಗೂಸಿನ ಅರಿವಿಗೆ ಅದನ್ನ ಮುಟ್ಟಬ್ಯಾಡ್ರಿ. ಪಾದ ಬೇಕಂದ್ರ ಎರಡು ಪದರ ಮಾಡ್ರಿ, ಹೊಲಿಗಿ ಪದರದ ನಡುವ ಮುಚ್ಚಿ ಹೋಗಬೇಕು. ನಾನಂತೂ ಪಾದ ಇಲ್ಲದ್ದ ಹೊಲೀತೇನಿ. ಪ್ರತಿ ಸಲ ಒಗದ ಮ್ಯಾಲೆ ಒಳಮೈ ಹೊರಗ ಮಾಡಿ ನೋಡ್ರಿ. ನೀವೆಲ್ಲಾ ಕಸೂತಿ ಮಾಡೋದು ಹೊರಗ, ಕೂಸಿಗೆ ಮುಟ್ಟೋದು ಒಳಮೈ. ಬಾಣಂತಿಗೆ ಮೂರ ನಾಕ ತಿಂಗಳಿಗೆ ತಲಿಗೂದಲ ಭಾಳ ಉದರತಾವ, ಅವೂ ಹಂಗ ಸುತ್ತತಾವ.

ಬಾದಾಮಿ ಕಾಕು: ಫಾರ್ವರ್ಡ್ ಬಂದಿತ್ತು ನೋಡ್ರಿ. ಬೆರಳಿಗೆ ಸುತ್ತಿದ್ರ ಕೂದಲ ತಗಿಯೋ ಕ್ರೀಮ್ ಹಚ್ಚಬೇಕಂತ, ಹತ್ತು ನಿಮಿಷದಾಗ ಕರಗತೈತಂತ. ಇಲ್ಲಂದ್ರ ಸುಣ್ಣ ಅರಿಷಿಣ.

ಟೇಲರ್ ಅಕ್ಕ: ಕಾಕು, ಆ ಕ್ರೀಮ್ ಕೂದಲ ಕರಗಿಸೋದು. ಪಾಲಿಸ್ಟರ್ ದಾರ ಕರಗಂಗಿಲ್ಲ, ಕಾಟನ್ ಕರಗಂಗಿಲ್ಲ. ತೊಗಲ ಕೊಯ್ದಿದ್ರ ಮ್ಯಾಲೆ ಉರಿ. ಕೂದಲ ಆದ್ರೂ ಅದನ್ನ ಹಚ್ಚೋದು ಡಾಕ್ಟರ್ ಕೆಲಸ. ಸುಣ್ಣ ಕೂಸಿನ ತೊಗಲ ಸುಡತೈತಿ. ಅಳಿಸಿ ಹಾಕ್ರಿ ಅದನ್ನ.

ಬಾದಾಮಿ ಕಾಕು: ಒಳ್ಳೇದಕ್ಕ ಹಾಕಿದ್ದೆ.

ತೇರದಾಳ: ಹೊಲದಿಟ್ಟ ಅರಿವಿಗೆ ಡಾಂಬರ ಗುಳಿಗಿ ಹಾಕಿಟ್ರ ಹುಳ ಬರಂಗಿಲ್ಲ. ಎಲ್ಲಾರಿಗೂ ಉಪಯೋಗ ಆಗ್ಲಿ 🙏

ಟೇಲರ್ ಅಕ್ಕ: ಯಾರಿಗೂ ಉಪಯೋಗ ಆಗೋದ ಬ್ಯಾಡ. ಡಾಂಬರ ಗುಳಿಗಿ ಅಂದ್ರ ನ್ಯಾಫ್ತಲಿನ್. ಜಿ6ಪಿಡಿ ಕೊರತೆ (ಹುಟ್ಟಿನಿಂದ ರಕ್ತದಾಗ ಒಂದು ಕಿಣ್ವ ಕಡಿಮಿ ಇರೋದು) ಇರೋ ಕೂಸಿಗೆ ಆ ವಾಸನಿ ಹಿಡದ ಅರಿವಿ ಹಾಕಿದ್ರ ರಕ್ತದ ಕೆಂಪು ಕಣ ಒಡೀಬಹುದು, ಕಾಮಣಿ ಏರಬಹುದು. ಕೊರತೆ ಐತೋ ಇಲ್ಲೋ ಮಾರಿ ನೋಡಿ ತಿಳಿಯಂಗಿಲ್ಲ. ಬಿಸಲಿಗೆ ಒಣಗಿಸಿ ತೊಳದ ಡಬ್ಬ್ಯಾಗ ಇಡ್ರಿ. ಅಡ್ಮಿನ್ ಮ್ಯಾಲೆ ಏನ್ ಬರದಾರ ಓದ್ರಿ ಎಲ್ಲಾರೂ.

ಹುನಗುಂದ: ಟಿಚ್ ಬಟನ್ ಯಾವ್ದ್ರಿ ಅಕ್ಕಾ?

ಟೇಲರ್ ಅಕ್ಕ: ಮ್ಯಾಲೆ ಐತಿ.

ಬನಹಟ್ಟಿ ಆಯಿ: ಹುಟ್ಟೂ ಮೊದಲ ಹೊಸಾ ಅರಿವಿ ಹೊಲಿಬಾರದು. ನಮ್ಮ ಕಾಲಕ್ಕ ಅಜ್ಜನ ಧೋತ್ರ ಹರದು ಅಂಗಿ, ಕುಂಚಿಗಿ, ಲಾಡಿ ಕಟ್ಟಿ ಬೆಳಿಸೇವಿ. ಯಾರ ಬೆರಳೂ ಹೋಗಿಲ್ಲ.

ಇಳಕಲ್ಲ ಸೊಸಿ: ಆಯಿ, ಧೋತ್ರದ ಅರಿವಿ ಛಲೋನ. ಲಾಡಿ ಮಾತ್ರ ಬ್ಯಾಡ.

ಬನಹಟ್ಟಿ ಆಯಿ: ಲಾಡಿ ಇಲ್ಲದ ಕುಂಚಿಗಿ ಹೆಂಗ ನಿಲ್ಲತೈತವಾ? ನಿನ್ನ ತಲಿಮ್ಯಾಲೆ ನಿಂದರಿಸಿ ತೋರಸು.

ಜಮಖಂಡಿ ತಂಗಿ: ಅವರೇನ ಕೆಟ್ಟ ಅಂದ್ರು? ಎಲ್ಲಾದಕ್ಕೂ ನಮ್ಮ ಕಾಲ ನಮ್ಮ ಕಾಲ.

ಬನಹಟ್ಟಿ ಆಯಿ: ನಿನ್ನ ಗಂಡನ್ನೂ ಅಂಥಾ ಕಾಲದಾಗ ಬೆಳಿಸ್ಯಾರ, ನೆನಪಿಡು.

ರಬಕವಿ: ಇದೆಲ್ಲಾ ತ್ರಾಸ ಯಾಕ? ತಿರುಪ್ಪೂರ ರೆಡಿಮೇಡ್ ಸಂತ್ಯಾಗ ಸ್ವಸ್ತ ಸಿಗತಾವ.

ಗುಳೇದಗುಡ್ಡ: ಸ್ವಸ್ತದ್ದು ಹಾಕ್ರಿ ನಿಮ್ಮ ಕೂಸಿಗೆ, ಯಾರ ಬ್ಯಾಡಂದ್ರು? ಹೊಲಿಯೋ ಗ್ರೂಪಿಗೆ ಬಂದು ರೆಡಿಮೇಡ್ ಪಾಠ.

ಟೇಲರ್ ಅಕ್ಕ: ಆಯಿ, ಎಚ್ಚರಿದ್ದಾಗ ನಿಮ್ಮ ತೊಡಿಮ್ಯಾಲೆ ಕುಂಚಿಗಿ ಕಟ್ರಿ, ಯಾರೂ ಬ್ಯಾಡನ್ನಂಗಿಲ್ಲ. ಮಲಗಿಸುವಾಗ ಬಿಚ್ರಿ. ರೋಂಪರಿನ ಕೊರಳಿಗೆ, ಟೊಪಗಿಗೆ ಜಗ್ಗೋ ಲಾಡಿ ಹಾಕೂದ ಬ್ಯಾಡ. ತೊಟ್ಟಿಲ ಗೂಟಕ್ಕ ಸಿಕ್ರ ಕೊರಳ ಬಿಗೀತೈತಿ. ಯುರೋಪಿನಾಗ ಇಎನ್ 14682 ಅಂತ ನಿಯಮನ ಐತಿ, 7 ವರ್ಷದೊಳಗಿನ ಮಕ್ಕಳ ಅರಿವಿಗೆ ಕೊರಳ ಹತ್ರ ಲಾಡಿ ಇರಬಾರದು.

ಬನಹಟ್ಟಿ ಆಯಿ: ಯುರೋಪಿನೋರು ನಮ್ಮ ತೊಟ್ಟಿಲ ನೋಡ್ಯಾರೇನು?

ಟೇಲರ್ ಅಕ್ಕ: ನಾ ನೋಡೇನಿ.

ಮುಧೋಳ ಬಾಣಂತಿ: ಅಕ್ಕಾರ, ದವಾಖಾನ್ಯಾಗ ಅದೀವ್ರಿ. ದಾರನ ಇತ್ತು, ಬಿಳೀದು. ಡಾಕ್ಟರ್ ಭೂತಗನ್ನಡಿ ಹಿಡದು ಕತ್ತರಿಸಿದ್ರು. ಬೆರಳ ಬಣ್ಣ ತಿರುಗೈತಿ. ನಾಳೆ ಮತ್ತ ಬಾ ಅಂದಾರ. ಹಿಂಗ ಇನ್ನೂ ಮೂರ ರೋಂಪರ್ ಅದಾವ, ಏನ ಮಾಡಲಿ?

ಟೇಲರ್ ಅಕ್ಕ: ಛಲೋ ಆತು. ಮೂರರದ್ದೂ ಪಾದ ಕತ್ತರಿಸಿ ತಗಿ. ಕಣಕಾಲಿಗೆ ರಿಬ್ ಪಟ್ಟಿ ಹಚ್ಚು, ಬಿಗಿ ಬ್ಯಾಡ, ನಿನ್ನ ಕಿರಿಬೆರಳ ಸಲೀಸ ಹೋಗಬೇಕು. ಹೊಲಿಗಿ ತುದಿ ಜಡಿ ದಪ್ಪ ಸೂಜಿಲೆ ಹೊಲಿಗಿ ಒಳಗ ತೂರಿಸಿ ಕತ್ತರಸು. ನಾಳೆ ತೋರಸೂದು ತಪ್ಪಸಬ್ಯಾಡ.

ತೇರದಾಳ: ಮೇ ತಿಂಗಳ ಬಿಸಲಿಗೆ ಯಾವ ಅರಿವಿ?

ಟೇಲರ್ ಅಕ್ಕ: ಮಲ್‌ಮಲ್, ತೋಳಿಲ್ಲದ್ದು. ಫ್ಲೀಸ್, ಪಾಲಿಸ್ಟರ್ ಬ್ಯಾಡ.

ಬೀಳಗಿ: ಬಾಡಿಸೂಟ್ ಟಿಚ್ ಬಟನ್ ಮುಟ್ಟೋ ಜಾಗಾದಾಗ ದುಂಡಗ ಕೆಂಪ ಗಂಧಿ ಎದ್ದೈತ್ರಿ, ಯಾಕ?

ಲೋಕಾಪುರ: ಹೊಕ್ಕಳ ಬಳ್ಳಿ ಇನ್ನೂ ಬಿದ್ದಿಲ್ಲ, ಬಾಡಿಸೂಟ್ ಹಾಕಬಹುದೇನ್ರಿ?

ಟೇಲರ್ ಅಕ್ಕ: ಲೋಕಾಪುರ, ಬಳ್ಳಿ ಬೀಳೂ ತನಕ ಮುಂದ ತೆರಕೊಳ್ಳೋ ಝಬಲಾ ಸಾಕು. ಹೊಕ್ಕಳ ಮ್ಯಾಲೆ ಬಿಗಿ ಅರಿವಿ ಬ್ಯಾಡ.

ಹುನಗುಂದ: ಮ್ಯಾಲೆ ಅಂದ್ರ ಎಲ್ಲ್ರಿ? ಟಿಚ್ ಬಟನ್ ಕೇಳಿದ್ದೆ.

ಟೇಲರ್ ಅಕ್ಕ: ರಬಕವಿಯವರಿಗೆ ಕೊಟ್ಟ ಉತ್ತರ. ಬೆರಳ ಐತಲ್ಲ, ಮ್ಯಾಲೆ ಸರಿಸ್ರಿ.

ಹುನಗುಂದ: ಇಷ್ಟ ಸಿಟ್ಟ ಇದ್ರ ಉತ್ತರ ಕೊಡಾಕ ಯಾಕ ಒಪ್ಪಬೇಕು?

ಜಮಖಂಡಿ ತಂಗಿ: ಪುಗಸಟ್ಟೆ ಹೇಳಾಕತ್ತಾರ, ಓದಾಕೂ ಬ್ಯಾಸರೇನ್ರಿ?

ಟೇಲರ್ ಅಕ್ಕ: ಅಡ್ಮಿನ್, ಬಂದ್ ಮಾಡ್ರಿ. ನಾಳೆ ಎರಡು ತೊಟ್ಟಿಲ ಕಾರ್ಯದ ಅರಿವಿ ಕೊಡೋದೈತಿ, ಗುಂಡಿ ಹಚ್ಚೂದು ಇನ್ನೂ ಬಾಕಿ ಐತಿ.

ಬೀಳಗಿ: ಅಕ್ಕಾರ, ನನ್ನ ಗಂಧಿ ಪ್ರಶ್ನೆ ಉಳೀತಲ್ರಿ?